ಸೀನು ಮಾಮನ ಜಪಾನಿ ಹುಡುಗಿಯರು

ಪ್ರೀತಿಯ ಸೀನು ಮಾಮ,

ನಿನ್ನನ್ನು ಬೈಯಬೇಕು ಅಂತಲೇ ಕೂತಿದ್ದೇನೆ. ಕ್ಷೇಮ ಕೇಳುವುದರಲ್ಲಿ ಅರ್ಥವಿಲ್ಲ. ನೀನು ಹೋಗಿ ಒಂಬತ್ತು ತಿಂಗಳಾಯಿತು. ಇಂಗ್ಲಿಷಿನಲ್ಲಾದರೆ ಇದನ್ನು ಅರ್ಧ ಗಂಟೆಯಲ್ಲಿ ಬರೆದು ಮುಗಿಸುತ್ತಿದ್ದೆ. ಆದರೆ ಇಂಗ್ಲಿಷಿನಲ್ಲಿ ಬೈದದ್ದು ನಿನಗೆ ಎಂದೂ ನಾಟಿದ್ದಿಲ್ಲ. "ಆಫೀಸ್ ಮೆಮೊ ಥರ ಇದೆ ಕಣೇ" ಅಂತ ನಕ್ಕುಬಿಡುತ್ತಿದ್ದೆ. ಆದ್ದರಿಂದ ಕಾನ್ವೆಂಟಿನಲ್ಲಿ ಕಲಿತ ನನ್ನ ಕನ್ನಡದಲ್ಲೇ, ಒಂದೊಂದು ಪದ ಹುಡುಕಿಕೊಂಡು, ನಿಧಾನವಾಗಿ ಬೈಯುತ್ತೇನೆ. ನಿನಗೇನೂ ಅವಸರವಿಲ್ಲವಲ್ಲ.

ಫೆಬ್ರವರಿಯಲ್ಲಿ ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ನೀನು ಮಾಸ್ಕ್ ಪಕ್ಕಕ್ಕೆ ಸರಿಸಿ ಹೇಳಿದ ಮಾತು ನೆನಪಿದೆ. "ರೆಕಾರ್ಡ್ಸ್ ಎಲ್ಲಾ ನಿಂಗೆ, ಸುಮಿ. ಹಂಚಿಬಿಡ್ಬೇಡ. ಒಟ್ಟಿಗೆ ಇರ್ಲಿ." ನಾನು ಆಯಿತು ಅಂದೆ. ಅಂಥ ಹೊತ್ತಿನಲ್ಲಿ ಇಲ್ಲ ಅನ್ನುವವರು ಯಾರು? ಆದರೆ ಮಾಮ, ಏರ್‌ಪೋರ್ಟಿನಿಂದ ನಿಮ್ಮ ಮನೆಗೆ ಬರಲು ಯಾವ ಎಕ್ಸಿಟ್ ಹಿಡಿಯಬಾರದು ಎಂಬುದನ್ನು ನಲವತ್ತು ನಿಮಿಷ ವಿವರಿಸುತ್ತಿದ್ದ ಮನುಷ್ಯ ನೀನು. ಆ ಹನ್ನೊಂದು ಪೆಟ್ಟಿಗೆಗಳನ್ನು ಯಾವ ಲೆಕ್ಕದಲ್ಲಿ ಜೋಡಿಸಿದ್ದೀ ಅಂತ ಒಂದು ವಾಕ್ಯ... ಒಂದೇ ಒಂದು ವಾಕ್ಯ ಹೇಳಿದ್ದರೆ ಏನಾಗುತ್ತಿತ್ತು?

ಆಸ್ಟಿನ್‌ನಲ್ಲಿ ಎಂ.ಎಸ್. ಓದುತ್ತಿದ್ದಾಗ ಒಂದು ರಜೆಗೆ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ನಿಮ್ಮ ಮನೆಗೆ ಬಂದಿದ್ದೆನಲ್ಲ, ಆಗಲೇ ನಾನು ಆ ರೆಕಾರ್ಡುಗಳನ್ನು ಮೊದಲು ಕಂಡದ್ದು. ಊಟದ ತಟ್ಟೆಗಿಂತ ಚಿಕ್ಕವು, ಒಂದು ಬದಿಗೆ ಒಂದೇ ಹಾಡು. ಪ್ರತಿ ಕವರಿನ ಮೇಲೂ ಹದಿನಾರು ಹದಿನೇಳರ ಒಬ್ಬ ಹುಡುಗಿ: ಬಿಳಿ ಫ್ರಾಕು, ಹುಬ್ಬಿನವರೆಗೆ ಇಳಿದ ಕೂದಲು, ಯಾರೋ ಹೇಳಿಕೊಟ್ಟ ನಗು. "ಯಾರು ಮಾಮ ಇವರೆಲ್ಲ?" ಅಂದರೆ, "ಯಾರಿಗೂ ಗೊತ್ತಿಲ್ದೋರು" ಅಂದೆ ನೀನು, ಅದೇ ದೊಡ್ಡ ಯೋಗ್ಯತೆ ಎನ್ನುವಂತೆ. ಪಂಪು ತಯಾರಿಸುವ ಕಂಪನಿಯೊಂದು ನಿನ್ನನ್ನು ಎಂಬತ್ತರ ದಶಕದಲ್ಲಿ ಎರಡು ವರ್ಷ ಕೋಬೆಗೆ ಕಳಿಸಿತ್ತು. ಆ ಕಾಲದ ಜಪಾನಿನಲ್ಲಿ ಟೀವಿಗಾಗಿ ಇಂಥ ಹುಡುಗಿಯರನ್ನು ಆರಿಸಿ, ಫ್ರಾಕು ತೊಡಿಸಿ, 'ಐಡಲ್' ಎಂದು ಹೆಸರಿಟ್ಟು ಹಾಡಿಸುತ್ತಿದ್ದರು. ಕೆಲವರು ಮನೆಮಾತಾದರು. ಉಳಿದವರು ಎರಡು ಮೂರು ರೆಕಾರ್ಡು ಮಾಡಿ, ಯಾರೂ ಕೊಳ್ಳದೆ, ಸದ್ದಿಲ್ಲದೆ ಮನೆಗೆ ಹೋದರು. ನಿನಗೆ ಬೇಕಾದವರು ಈ ಉಳಿದವರು. ಯಾಕೆಂದರೆ ಯಾರೂ ಕೊಳ್ಳದ ಆ ಹಾಡಿಗೂ ಒಂದು ಕೋಣೆ ತುಂಬ ವಯಲಿನ್, ಹಾರ್ಪು, ಕೊಳಲು, ತುತ್ತೂರಿ ಎಲ್ಲವನ್ನೂ ಮದುವೆ ಮನೆಯ ತುಪ್ಪದ ಹಾಗೆ ಧಾರಾಳವಾಗಿ ಸುರಿದಿರುತ್ತಿದ್ದರು.

ಶನಿವಾರ ಹತ್ತೂವರೆಯ ಫೋನನ್ನು ಹೇಗೆ ಮರೆಯಲಿ? ನಾನು ನಿಮ್ಮಿಂದ ನಾಲ್ಕೂವರೆ ಗಂಟೆ ದೂರದ ಪ್ಲೇನೋಗೆ ಬಂದು ಕೆಲಸ, ಮದುವೆ, ಮನೆ ಅಂತ ಆದಮೇಲೂ ಅದು ತಪ್ಪಲಿಲ್ಲ. ನೀನು ಫೋನನ್ನು ಸ್ಪೀಕರ್ ಪಕ್ಕ ಇಟ್ಟು ಹಾಡು ಹಾಕುತ್ತಿದ್ದೆ.

"ಕೇಳಿಸ್ತಾ?"

"ಚೆನ್ನಾಗಿ ಹಾಡ್ತಾಳೆ ಮಾಮ."

"ಹುಡುಗಿ ಬಿಡೇ! ಇವರಿಗೆಲ್ಲ ಎಲ್ಲಿ ದನಿ? ನೀನು ಹಿಂದೆ ಏನು ನಡೀತಿದೆ ಕೇಳು. ಅವಳು ಸಾಲು ಮುಗಿಸಿದ ತಕ್ಷಣ ವಯಲಿನ್ ಮೆಟ್ಲಿಳಿದ ಹಾಗೆ ಇಳೀತಲ್ಲ, ಅದನ್ನ ಬರೆದೋನು ಯಾರು ಗೊತ್ತಾ?"

ನನಗೆ ಗೊತ್ತಿರುತ್ತಿರಲಿಲ್ಲ. ರಾಗ ಹಾಕಿದವನು ಒಬ್ಬ, ಯಾವ ವಾದ್ಯ ಎಲ್ಲಿ ಏನು ನುಡಿಸಬೇಕು ಅಂತ ಬರೆದವನು ಇನ್ನೊಬ್ಬ. ಆ ಇನ್ನೊಬ್ಬನಿಗೆ ಅರೇಂಜರ್ ಅನ್ನುತ್ತಾರೆ. ಹಾಡಿನ ನಿಜವಾದ ಯಜಮಾನ ಅವನೇ ಅಂತ ನೀನು ಎಷ್ಟು ನೂರು ಸಲ ಹೇಳಿದೆಯೋ. ಈಗ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಎಷ್ಟೋ ಶನಿವಾರ ನಾನು ಫೋನಿನ ದನಿ ತಗ್ಗಿಸಿ, ಮೈಕ್ರೊವೇವ್ ಪಕ್ಕ ಇಟ್ಟು, ಬೀನ್ಸ್ ಹೆಚ್ಚುತ್ತಿದ್ದೆ. ನಡುನಡುವೆ ಹೂಂ ಅನ್ನುತ್ತಿದ್ದೆ, ಅಷ್ಟೆ.

ನಿಮ್ಮ ಕನ್ನಡ ಕೂಟದ ಯುಗಾದಿ ಊಟದ ದಿನ ಸೌಂಡ್ ಸಿಸ್ಟಮ್ ನಿನ್ನ ಕೈಗೆ ಕೊಟ್ಟಿದ್ದೇ ಅವರು ಮಾಡಿದ ತಪ್ಪು. ಹೋಳಿಗೆ ಬಡಿಸುವ ಹೊತ್ತಿಗೆ ಭಾವಗೀತೆ ನಿಂತು ಜಪಾನಿ ಹುಡುಗಿ ಶುರುವಾದಳು. ಒಬ್ಬರು ಆಂಟಿ ತಟ್ಟೆ ಹಿಡಿದುಕೊಂಡೇ ಬಂದು, "ಸೀನು, ಇದ್ಯಾವ ಪಿಕ್ಚರ್‌ದು? ಮ್ಯೂಸಿಕ್ ಎಷ್ಟು ಚೆನ್ನಾಗಿದೆ" ಅಂದರು. ನೀನು ಮುಖ ಗಂಭೀರ ಮಾಡಿಕೊಂಡು, "ರಿಲೀಸ್ ಆಗ್ಲಿಲ್ಲ ರೀ" ಅಂದೆ. ಅತ್ತೆ ಸಾರಿನ ಸೌಟು ಹಿಡಿದು ಅಲ್ಲಿಂದಲೇ ಕೂಗಿದರು: "ಅವರ ಮಾತು ನಂಬ್ಬೇಡಿ, ಅದು ನನ್ನ ಸವತಿ ಹಾಡು!"

ಜೂನ್‌ನಲ್ಲಿ ಅದೇ ಅತ್ತೆ ಫೋನ್ ಮಾಡಿದರು. ಮನೆ ಮಾರಾಟವಾಗಿತ್ತು. ಶುಗರ್ ಲ್ಯಾಂಡಿನಲ್ಲಿ ಮೂವರು ಗೆಳತಿಯರಿರುವ ಕಟ್ಟಡದಲ್ಲೇ ಒಂದು ಸಣ್ಣ ಅಪಾರ್ಟ್‌ಮೆಂಟು ಹಿಡಿದು, ಅವರು ಹುರುಪಿನಲ್ಲಿದ್ದರು.

"ಸುಮಾ, ನಿಮ್ಮ ಮಾಮನ ಜಪಾನಿ ಹುಡುಗೀರನ್ನ ಬಂದು ಕರ್ಕೊಂಡು ಹೋಗು. ಇಷ್ಟು ವರ್ಷ ಸಾಕಿದೀನಿ. ಒಬ್ಬಳಾದ್ರೂ ಒಂದಿನ ಪಾತ್ರೆ ತೊಳೆದ್ಲಾ?"

"ಅತ್ತೆ, ಎರಡು ವಾರ ಟೈಮ್ ಕೊಡಿ."

"ಕೊಡ್ತೀನಿ. ಅಲ್ಲೀತನಕ ಗ್ಯಾರೇಜಲ್ಲಿರ್ತಾರೆ. ನೀನು ಬರೋ ಹೊತ್ತಿಗೆ ದೋಸೆ ಆಗಿರ್ತಾರೆ."

ಬಿಸಿಲಿಗೆ ರೆಕಾರ್ಡು ಬಾಗುತ್ತದೆ ಎಂಬುದೊಂದನ್ನು ನೀನು ಅವರಿಗೆ ಚೆನ್ನಾಗಿ ಕಲಿಸಿದ್ದೆ. ಆ ಶನಿವಾರವೇ ಹೊರಟೆ. ವಾಪಸ್ ಬರುವಾಗ ನಾಲ್ಕೂವರೆ ಗಂಟೆ ಏಸಿ ಪೂರ್ತಿ ಹಾಕಿ, ಹೊರಗೆ ಬೆಂಕಿ ಸುರಿಯುತ್ತಿದ್ದರೂ ನಾನು ಸ್ವೆಟರ್ ತೊಟ್ಟು ನಡುಗುತ್ತಾ ಡ್ರೈವ್ ಮಾಡಿದೆ. ಎಂಜಿನ್ ಆರಿಸಲು ಧೈರ್ಯವಿರಲಿಲ್ಲ. ಅತ್ತೆ ಕಟ್ಟಿಕೊಟ್ಟ ಪುಳಿಯೋಗರೆಯನ್ನು ಕಾರಿನಲ್ಲೇ ತಿಂದೆ. ಬಾತ್‌ರೂಮಿಗೆ ಮಾತ್ರ ಒಂದು ಸಲ ಇಳಿದು, ನಲವತ್ತಾರನೆಯ ವಯಸ್ಸಿನಲ್ಲಿ ಪೆಟ್ರೋಲ್ ಬಂಕಿನ ಉದ್ದಕ್ಕೂ ಓಡುತ್ತಾ ಹೋಗಿ ಓಡುತ್ತಾ ಬಂದೆ. ಇದನ್ನೆಲ್ಲ ನೀನು ನೋಡಬೇಕಿತ್ತು, ಅಥವಾ ನೋಡದಿದ್ದದ್ದೇ ಒಳ್ಳೆಯದು.

ಪೆಟ್ಟಿಗೆಗಳನ್ನು ತೆರೆದ ದಿನ ನನಗೆ ನಿನ್ನ ಮೇಲೆ ಕನಿಕರ ಬಂತು. ಆಫೀಸಿನಲ್ಲಿ ನನ್ನ ಕೆಲಸವೇ ಗಲೀಜಾದ ಡೇಟಾವನ್ನು ಒಪ್ಪ ಮಾಡುವುದು. ಇಲ್ಲಿ ನೋಡಿದರೆ ಒಂದೇ ಹುಡುಗಿ ಎರಡನೇ ಪೆಟ್ಟಿಗೆಯಲ್ಲೂ ಇದ್ದಾಳೆ, ಏಳರಲ್ಲೂ ಇದ್ದಾಳೆ. ವರ್ಷದ ಕ್ರಮವಿಲ್ಲ, ಹೆಸರಿನ ಕ್ರಮವಿಲ್ಲ. ಪಾಪ, ಕೊನೆಕೊನೆಗೆ ಮಾಮನಿಗೆ ಆಗುತ್ತಿರಲಿಲ್ಲವೇನೋ ಅಂದುಕೊಂಡೆ. ಅಲ್ಲಲ್ಲಿ ನೀನು ದಪ್ಪ ಕಾಗದದ ಪಟ್ಟಿಗಳನ್ನು ಸಿಕ್ಕಿಸಿದ್ದೆ: ಹಳೆಯ ಮದುವೆ, ಗೃಹಪ್ರವೇಶ, ಯುಗಾದಿಯ ಆಮಂತ್ರಣ ಪತ್ರಿಕೆಗಳನ್ನು ಉದ್ದಕ್ಕೆ ಕತ್ತರಿಸಿದ್ದು. ಒಂದರ ಮೇಲೆ 'ಸಕುಟುಂಬ' ಉಳಿದಿತ್ತು, 'ಸಪರಿವಾರ' ಹೋಗಿತ್ತು. ತುದಿಯಲ್ಲಿ ಪೆನ್ಸಿಲಿನಲ್ಲಿ ಒಂದೊಂದು ಸಂಖ್ಯೆ. ಗಟ್ಟಿ ಕಾಗದವನ್ನು ನೀನು ಜೀವಮಾನದಲ್ಲಿ ಎಸೆದವನಲ್ಲ. ಬೇಳೆ ಡಬ್ಬಿಯ ಕೆಳಗೂ ಅದೇ, ಅಲುಗುವ ಮೇಜಿನ ಕಾಲಿಗೂ ಅದೇ. ರೆಕಾರ್ಡು ಅಲುಗಾಡದಿರಲಿ ಅಂತ ತುರುಕಿದ್ದಾನೆ ಅಂದುಕೊಂಡು, ಎಲ್ಲವನ್ನೂ ಕಿತ್ತು ರೀಸೈಕ್ಲಿಂಗ್ ಬಿನ್ನಿಗೆ ಹಾಕಿದೆ. ಸೋಮವಾರ ಬೆಳಿಗ್ಗೆ ಲಾರಿ ಬಂದು ಒಯ್ದಿತು.

ಆಮೇಲೆ ಪಕ್ಕದ ಮನೆಯ ಕಿಯೋಕೊಳನ್ನು ಕರೆದೆ. ಅವಳ ಗಂಡ ಇಲ್ಲಿನ ಕಾರ್ ಕಂಪನಿಯ ಆಫೀಸಿಗೆ ಜಪಾನಿನಿಂದ ಬಂದವನು. ನನಗಿಂತ ಐದಾರು ವರ್ಷ ದೊಡ್ಡವಳು. ಅವಳು ಕವರುಗಳ ಮೇಲಿನ ಹೆಸರು ಓದುತ್ತಾ ಹೋದಳು, ನಾನು ಟೈಪ್ ಮಾಡುತ್ತಾ ಹೋದೆ. "ನಾನು ಜಪಾನಿನಲ್ಲೇ ಬೆಳೆದವಳು, ಇವರಲ್ಲಿ ಹತ್ತು ಜನರ ಹೆಸರೂ ಕೇಳಿಲ್ಲ. ನಿಮ್ಮ ಅಂಕಲ್ ಯಾಕೆ ಹೀಗೆ?" ಅಂದಳು. ಜುಲೈ ಮುಗಿಯುವ ಹೊತ್ತಿಗೆ ಆರುನೂರಕ್ಕೂ ಹೆಚ್ಚು ರೆಕಾರ್ಡುಗಳು ಹಾಡಿದವರ ಹೆಸರಿನ ಪ್ರಕಾರ, ವರ್ಷದ ಪ್ರಕಾರ, ಶಿಸ್ತಾಗಿ ನಿಂತಿದ್ದವು. ಅತ್ತೆಗೆ ಫೋಟೋ ಕಳಿಸಿದೆ. ಹೆಮ್ಮೆಪಟ್ಟೆ, ಮಾಮ. ಅದೇ ನನ್ನನ್ನು ಈಗಲೂ ಕುಟುಕುವುದು.

ಆಗಸ್ಟಿನಲ್ಲಿ ಆಸ್ಟಿನ್‌ನ ಒಂದು ವಿಶ್ವವಿದ್ಯಾಲಯದ ಸಂಗೀತ ಗ್ರಂಥಾಲಯದಿಂದ ಮಾರ್ಗರೆಟ್ ಎಂಬಾಕೆಯ ಈಮೇಲ್ ಬಂತು. ಹೋದ ವರ್ಷ ನೀನು ಅವಳಿಗೆ ಪತ್ರ ಬರೆದು, ನನ್ನ ವಿಳಾಸವನ್ನೂ ಕೊಟ್ಟಿದ್ದೆಯಂತೆ. ಎರಡು ಪುಟ! ಈ ಹಾಡುಗಳ ಪ್ರತಿಗಳು ಬೇರೆಡೆಯೂ ಸಿಗುತ್ತವೆ. ಆದರೆ ಹಾಡಿದವರನ್ನು ಬಿಟ್ಟು ವಾದ್ಯಗಳನ್ನು ಬರೆದವರ ಪ್ರಕಾರ ಜೋಡಿಸಿದ ಸಂಗ್ರಹವನ್ನು ತಾನು ಕಂಡಿಲ್ಲ, ಅದರಲ್ಲೂ ಒಬ್ಬೊಬ್ಬ ಅರೇಂಜರನ ಗುಂಪಿನೊಳಗೆ ಉತ್ತಮವಾದದ್ದು ಮೊದಲು, ಕಳಪೆಯದು ಕೊನೆಗೆ ಎಂದು ಒಂದೇ ಕಿವಿ ನಲವತ್ತು ವರ್ಷ ಕೇಳಿ ಇಟ್ಟ ಕ್ರಮ ಅಪರೂಪದ್ದು, ಆ ಕ್ರಮಕ್ಕಾಗಿಯೇ ಇಡೀ ಸಂಗ್ರಹವನ್ನು ತೆಗೆದುಕೊಳ್ಳಲು ತಮಗೆ ಆಸಕ್ತಿಯಿದೆ ಅಂತ ಬರೆದಿದ್ದಳು. ಕೊನೆಯ ಸಾಲು: ದಯವಿಟ್ಟು ಯಾವುದನ್ನೂ ಮುಟ್ಟಬೇಡಿ.

ಅಡುಗೆಮನೆಯಲ್ಲಿ ನಿಂತು ಅದನ್ನು ಮೂರು ಸಲ ಓದಿದೆ. ಆ ಪಟ್ಟಿಗಳ ಮೇಲಿನ ಒಂದೊಂದು ಸಂಖ್ಯೆ ಒಬ್ಬೊಬ್ಬ ಅರೇಂಜರ್! ಕಂಡರಿಯದ ಹೆಂಗಸಿಗೆ ಎರಡು ಪುಟ ಬರೆಯಲು ನಿನಗೆ ಪುರುಸೊತ್ತಿತ್ತು. ಪ್ರತಿ ಶನಿವಾರ ನೀನೇ ಫೋನ್ ಮಾಡುತ್ತಿದ್ದ ನನಗೆ... ಅಥವಾ ಹೇಳಿದ್ದೆಯಾ? ಬೀನ್ಸ್ ಹೆಚ್ಚುವ ಯಾವುದೋ ಒಂದು ಶನಿವಾರ ಹೇಳಿ, ನಾನು ಹೂಂ ಅಂದಿದ್ದೆನಾ? ಈ ಪ್ರಶ್ನೆಗೆ ಉತ್ತರ ಕೊಡುವವನು ನೀನೊಬ್ಬನೇ ಇದ್ದದ್ದು. ಇದಕ್ಕೂ ನಿನ್ನ ಮೇಲೇ ಸಿಟ್ಟು.

ಅತ್ತೆಗೆ ಹೇಳಿದಾಗ ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

"ಅದಕ್ಯಾಕೆ ಅಳ್ತೀಯ? ಮತ್ತೆ ಹೆಂಗೋ ಜೋಡಿಸಿ ಕೊಟ್ಬಿಡು. ಇದೇ ನಮ್ಮ ಮಾಮ ಇಟ್ಟಿದ್ದು ಅನ್ನು. ಅವರೇನು ಕನಸಲ್ಲಿ ಬಂದು ಕಂಪ್ಲೇಂಟ್ ಕೊಡ್ತಾರಾ?"

"ಅದು ಸುಳ್ಳಾಗತ್ತೆ ಅತ್ತೆ."

"ಸುಳ್ಳೇ. ನಾನು ಇಷ್ಟು ವರ್ಷ ಆ ಹಾಡೆಲ್ಲ ಚೆನ್ನಾಗಿದೆ ಅಂದಿಲ್ವಾ?"

ಅರ್ಧ ದಾರಿ ನಾನು ಆ ಸುಳ್ಳಿನ ಕಡೆಗೇ ನಡೆದೆ, ಒಪ್ಪಿಕೊಳ್ಳುತ್ತೇನೆ. ಕವರಿನ ಹಿಂಬದಿಯಲ್ಲಿ ಮೂರು ಹೆಸರಿರುತ್ತವೆ ಅಂತ ಕಿಯೋಕೊ ತೋರಿಸಿದಳು: ಪದ ಬರೆದವರು, ರಾಗ ಹಾಕಿದವರು, ಕೊನೆಗೆ ಅರೇಂಜರ್. ಆ ಮೂರನೆಯದನ್ನು ಗುರುತಿಸುವುದನ್ನು ನಾನೂ ಕಲಿತೆ. ನಾಲ್ಕು ಭಾನುವಾರ ಇಬ್ಬರೂ ನೆಲದ ಮೇಲೆ ಕೂತು ಎಲ್ಲವನ್ನೂ ಮತ್ತೆ ಬೇರೆ ಮಾಡಿ, ಅರೇಂಜರ್‌ಗಳ ಗುಂಪು ಕಟ್ಟಿದೆವು. ಆದರೆ ಗುಂಪಿನೊಳಗೆ ಯಾವುದು ಮೊದಲು, ಯಾವುದು ಕೊನೆಗೆ? ಅದು ಯಾವ ಕವರಿನ ಮೇಲೂ ಬರೆದಿಲ್ಲ. ಅದು ನಿನ್ನ ಕಿವಿ. ಅದನ್ನು ನಾನೇ ಕಲಸಿಹಾಕಿದ್ದೆ. ನನಗೆ ತೋಚಿದ ಹಾಗೆ ಜೋಡಿಸಿ ನಿನ್ನ ಹೆಸರು ಹೇಳಬಹುದಿತ್ತು, ಕಂಡುಹಿಡಿಯುವವರು ಯಾರು? ಒಂದು ಪೆಟ್ಟಿಗೆಯನ್ನು ಹಾಗೆ ಜೋಡಿಸಿಯೂ ನೋಡಿದೆ. ನಿನ್ನ ಸಹಿಯನ್ನು ನಕಲು ಮಾಡಿದ ಹಾಗಾಯಿತು. ಬಿಟ್ಟೆ.

ಅಕ್ಟೋಬರಿನಲ್ಲಿ ಒಂದು ದಿನ ರಜೆ ಹಾಕಿ ಪೆಟ್ಟಿಗೆಗಳನ್ನೆಲ್ಲ ತುಂಬಿಕೊಂಡು ಆಸ್ಟಿನ್‌ಗೆ ಹೋದೆ. ಮಾರ್ಗರೆಟ್ ಅರವತ್ತರ ಹತ್ತಿರದವಳು, ಸಣ್ಣ ದನಿ, ಕುತ್ತಿಗೆಗೆ ಕನ್ನಡಕದ ದಾರ. ಅವಳು ಮೊದಲ ಪೆಟ್ಟಿಗೆಯ ಮುಚ್ಚಳ ತೆಗೆಯುವ ಮುಂಚೆಯೇ ನಾನು ಎಲ್ಲವನ್ನೂ ಹೇಳಿಬಿಟ್ಟೆ: ಆಮಂತ್ರಣದ ಪಟ್ಟಿ, ಲಾರಿ, ಸ್ಪ್ರೆಡ್‌ಶೀಟು, ಕಿಯೋಕೊ. ಅವಳು ಕನ್ನಡಕ ತೆಗೆದು ದಾರದಲ್ಲಿ ಇಳಿಬಿಟ್ಟಳು.

"ಹಾಗಾದರೆ ಅವರ ಕ್ರಮ ಈಗ ಇಲ್ಲ."

"ಇಲ್ಲ."

"ಕ್ರಮವಿಲ್ಲದಿದ್ದರೆ ನಮ್ಮ ಸಮಿತಿ ಕೆಲವನ್ನು ಆರಿಸಿಕೊಂಡು ಉಳಿದದ್ದನ್ನು ವಾಪಸ್ ಕೊಡಿ ಅನ್ನಬಹುದು."

ಒಟ್ಟಿಗೆ ಇರಲಿ ಅಂದಿದ್ದೆಯಲ್ಲ, ಅದು ಮುಗಿಯಿತು ಅಂದುಕೊಂಡೆ. ಕನ್ನಡಕವನ್ನು ಮತ್ತೆ ಹಾಕಿಕೊಂಡು ಅವಳೇ ಕೇಳಿದಳು: "ಅವರು ಈ ಹಾಡುಗಳ ಬಗ್ಗೆ ಯಾರ ಹತ್ತಿರವಾದರೂ ಮಾತಾಡುತ್ತಿದ್ದರಾ?"

ನನಗೆ ನಗು ಬಂತು, ಸಿಟ್ಟಿನ ನಗು. "ಪ್ರತಿ ಶನಿವಾರ. ನನ್ನ ಹತ್ತಿರ. ಇಪ್ಪತ್ತು ವರ್ಷ."

"ಹಾಗಿದ್ದರೆ ಬರೆಯಿರಿ," ಅಂದಳು. "ನೆನಪಿರುವುದನ್ನೆಲ್ಲ. ನೀವು ಮಾಡಿದ ತಪ್ಪನ್ನೂ. ಅದನ್ನು ಸಮಿತಿಯ ಮುಂದೆ ಇಡುತ್ತೇನೆ."

ಅಂದರೆ ನೀನು ಬರೆಯದೆ ಹೋದದ್ದನ್ನು ನಾನು ಬರೆಯಬೇಕು! ಪೆಟ್ಟಿಗೆಗಳನ್ನು ಮತ್ತೆ ಮನೆಗೆ ತಂದು ಮೂರು ವಾರ ಬರೆದೆ. ಒಂದೊಂದು ರೆಕಾರ್ಡನ್ನೂ ಹಾಕಿ, ಕಣ್ಣು ಮುಚ್ಚಿ, ಶನಿವಾರದ ನಿನ್ನ ದನಿಗಾಗಿ ಕಾದೆ. ಆಶ್ಚರ್ಯವೆಂದರೆ ಬಂತು. 'ಇವನು ಕೊಳಲನ್ನ ಉಪ್ಪಿನಕಾಯಿ ಥರ ಇಡ್ತಾನೆ, ಚೂರೇ ಚೂರು.' 'ಇವನಿಗೆ ಹಾರ್ಪ್ ಅಂದ್ರೆ ಹುಚ್ಚು, ಯಾರಾದ್ರೂ ಕೈ ಹಿಡ್ಕೊಳ್ಳಬೇಕು.' ಇಷ್ಟೆಲ್ಲ ನನ್ನೊಳಗೆ ಯಾವಾಗ ಸೇರಿತೋ ತಿಳಿಯದು. ನೆನಪಾಗದ ಕಡೆ ಪ್ರಾಮಾಣಿಕವಾಗಿ ಬರೆದೆ: ಈ ಭಾಗವನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಆ ವಾಕ್ಯ ಮೂವತ್ತೆಂಟು ಪುಟಗಳಲ್ಲಿ ಎಷ್ಟು ಸಲ ಬಂದಿದೆ ಅಂತ ನಾನು ಎಣಿಸಲಿಲ್ಲ. ನೀನೂ ಎಣಿಸಬೇಡ.

ಕಳೆದ ಮಂಗಳವಾರ ಮಾರ್ಗರೆಟ್ ಫೋನ್ ಮಾಡಿದಳು. ಎಲ್ಲವನ್ನೂ ತೆಗೆದುಕೊಳ್ಳುತ್ತಾರೆ, ಮಾಮ. ಆರಿಸದೆ, ಹಂಚದೆ. ಅತ್ತೆಗೆ ಹೇಳಿದರೆ, "ಸದ್ಯ, ಸರ್ಕಾರಿ ಮನೆ ಸಿಕ್ತು ಅವರಿಗೆ" ಅಂತ ನಕ್ಕರು. ಆದರೆ ಆ ಮೂವತ್ತೆಂಟರಲ್ಲಿ ಒಂದು ಪುಟ ನಿನ್ನದಲ್ಲ, ನನ್ನ ಕಿವಿಯದು. ಅದನ್ನು ನಿನಗೆ ತಿಳಿಸದೆ ಸೇರಿಸಿದ್ದೇನೆ ಅನ್ನಿಸಬಾರದು, ಅದಕ್ಕೇ ಈ ಕಾಗದ.

ಜುಲೈನಲ್ಲಿ, ರೆಕಾರ್ಡುಗಳು ಇನ್ನೂ ಹುಡುಗಿಯರ ಹೆಸರಿನಲ್ಲಿದ್ದಾಗ, ಸಯೊ ಎಂಬ ಒಬ್ಬಳ ಮೂರು ರೆಕಾರ್ಡುಗಳು ಒಟ್ಟಿಗೆ ಬಂದಿದ್ದವು. ಮೂರಕ್ಕೂ ಮೂವರು ಅರೇಂಜರ್‌ಗಳು. ನಿನ್ನ ಲೆಕ್ಕದಲ್ಲಿ ಅವಳು ಮೂರು ಪೆಟ್ಟಿಗೆಗಳಲ್ಲಿ ಹರಿದು ಹಂಚಿಹೋಗಿದ್ದವಳು. ನೀನು ಅವುಗಳನ್ನು ಒಂದರ ಹಿಂದೆ ಒಂದು ಕೇಳಿರುವುದು ಸಾಧ್ಯವೇ ಇಲ್ಲ. ನಾನು ಕೇಳಿದೆ. ಮೊದಲನೆಯದರಲ್ಲಿ ಅವಳು ಹೆಜ್ಜೆ ಎಣಿಸುವ ಮಗುವಿನಂತೆ ಹಾಡುತ್ತಾಳೆ, ಸಾಲು ಮುಗಿಯುವ ಮೊದಲೇ ಉಸಿರು ಮುಗಿಯುತ್ತದೆ, ವಯಲಿನ್‌ಗಳು ಬಂದು ಎತ್ತಿಕೊಳ್ಳುತ್ತವೆ. ಎರಡನೆಯದು ಒಂದು ವರ್ಷದ ನಂತರದ್ದು. ಸಾಲಿನ ಕೊನೆಯವರೆಗೂ ತಾನೇ ನಡೆದು ಹೋಗುತ್ತಾಳೆ. ಮೂರನೆಯದು ನಿನ್ನ ಮೆಚ್ಚಿನವನದು, ಒಂದನೇ ಪೆಟ್ಟಿಗೆ ಪೂರ್ತಿ ಅವನದೇ ಅಂತ ಮಾರ್ಗರೆಟ್‌ಗೆ ಬರೆದಿದ್ದೆಯಲ್ಲ, ಅವನದು. ಅದರ ಕೊನೆಯ ಚರಣದಲ್ಲಿ ಎಲ್ಲ ವಯಲಿನ್‌ಗಳೂ ನಿಂತುಬಿಡುತ್ತವೆ. ನಾಲ್ಕು ಸಾಲು ಅವಳೊಬ್ಬಳೇ.

ಆ ರೆಕಾರ್ಡು ಎಲ್ಲಿತ್ತು ಎಂಬುದು ಮಾತ್ರ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಾನು ಒಂದನೇ ಪೆಟ್ಟಿಗೆಯನ್ನು ಹಿಂದಿನಿಂದ ಬಿಚ್ಚತೊಡಗಿದೆ. ಮೊದಲು ಕೈಗೆ ಬಂದದ್ದೇ ಅದು. ಎಲ್ಲಕ್ಕಿಂತ ಹಿಂದೆ. ನೀನು ಕಾಯುತ್ತಿದ್ದ ವಯಲಿನ್ ಬರಲಿಲ್ಲ ಅಂತ ಅವನ ಹಾಡುಗಳಲ್ಲೆಲ್ಲ ಅದನ್ನೇ ಕಳಪೆ ಅಂದುಕೊಂಡೆ ನೀನು.

ನೀನು ಅದನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೆ, ಮಾಮ. ಆ ಮೂರು ರೆಕಾರ್ಡುಗಳ ನಡುವೆ ಆ ಹುಡುಗಿ ಹಾಡಲು ಕಲಿತಿದ್ದಳು. ವಯಲಿನ್ ಬರೆದವನಿಗೆ ಅದು ಕೇಳಿಸಿತ್ತು.

ನಿನ್ನ
ಸುಮಿ